ಅವ್ವನ ಕಣ್ಣಿಗೆ ಯಾವ ಲೆನ್ಸ್? ಪೊರೆಯ ಆಪರೇಷನ್‌ಗೆ ಮನೆಯವರು ಸಜ್ಜಾಗುವ ಬಗೆ

ಸೂಜಿಗೆ ದಾರ ಪೋಣಿಸಲು ಅವ್ವ ಮೊಮ್ಮಗನನ್ನು ಕರೆಯತೊಡಗಿದಾಗ ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ವಯಸ್ಸಾಯ್ತಲ್ಲ ಅಂದುಕೊಂಡು ಸುಮ್ಮನಿದ್ದೆವು. ಒಂದು ದಿನ ಕೌದಿಯಲ್ಲಿ ಕೆಂಪು ತುಂಡಿನ ಪಕ್ಕ ಕಂದು ತುಂಡು ಹಚ್ಚಿ, ‘ಎರಡೂ ಒಂದ ಬಣ್ಣ ಅದಾವು, ನಿಮಗ ಕಣ್ಣ ಕಾಣಂಗಿಲ್ಲ’ ಎಂದು ನಮಗೇ ಜಬರಿಸಿದಳು. ಮರುದಿನ ಕುಷ್ಟಗಿಯ ಬಸ್ಸು ಹತ್ತಿಸಿದೆ. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ‘ಎರಡೂ ಕಣ್ಣಿಗೆ ಪರಿ ಬಂದೈತಮ್ಮಾ. ಬಲಗಣ್ಣು ಮೊದಲು ಮಾಡಿಸ್ರಿ’ ಅಂದರು.

ಊರಿಗೆ ಮರಳಿದ ಮೇಲೆ ಬಂದು ಹೋದವರೆಲ್ಲ ಕೇಳಿದ್ದು ಒಂದೇ: ಲೆನ್ಸ್ ಯಾವುದು, ಎಷ್ಟಕ್ಕೆ? ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದಕ್ಕಿಂತ ಮೊದಲು ಮತ್ತು ಅದಾದ ಮೇಲೆ ಮನೆಯವರು ಮಾಡಬೇಕಾದ ಕೆಲಸವೇ ಹೆಚ್ಚಿದೆ.

ಪೊರೆ ಬಲಿಯಲಿ ಎಂದು ಕಾಯಬೇಡಿ

ಕಣ್ಣೊಳಗಿನ ಮಸೂರ ಕಡಲೆಬೇಳೆಗಿಂತ ತುಸು ದೊಡ್ಡದು, ಗಾಜಿನಂತೆ ತಿಳಿಯಾಗಿರುತ್ತದೆ. ಅದು ಮಬ್ಬಾಗುವುದೇ ಪೊರೆ. ಹನಿ ಹಾಕಿ ಕರಗಿಸುವ ಔಷಧ ಇಲ್ಲ. ‘ಇನ್ನೂ ಬಲಿಬೇಕು’ ಅನ್ನುವುದು ಹಳೆಯ ಕಾಲದ ಮಾತು. ಆಗ ಮಸೂರವನ್ನು ಇಡಿಯಾಗಿ ಹೊರಗೆ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಅದನ್ನು ಒಳಗೇ ಪುಡಿ ಮಾಡಿ ಹೀರುವುದರಿಂದ, ಕಲ್ಲಿನಂತೆ ಬಲಿತ ಪೊರೆ ಡಾಕ್ಟರಿಗೂ ಕಷ್ಟ, ಕಣ್ಣಿಗೂ ಕಷ್ಟ. ದಿನದ ಕೆಲಸಕ್ಕೆ ಅಡ್ಡಿಯಾಗತೊಡಗಿದರೆ ಸಮಯ ಬಂತು ಅಂತಲೇ ಅರ್ಥ.

‘ಬ್ಯಾಸಗಿ ಮುಗೀಲಿ’ ಅನ್ನುವುದು ನಮ್ಮ ಭಾಗದ ಇನ್ನೊಂದು ನೆಪ. ಆಪರೇಷನ್ ಕೋಣೆಗೆ ಬೇಸಿಗೆ, ಮಳೆಗಾಲದ ವ್ಯತ್ಯಾಸವಿಲ್ಲ. ಸುಗ್ಗಿಯಲ್ಲಿ ಕಣದ ಹೊಟ್ಟು ಮನೆಯೊಳಗೆ ಹಾರಿ ಬರುವ ದಿನಗಳನ್ನು ಬಿಟ್ಟುಕೊಂಡರೆ ಸಾಕು.

ಅಳತೆಯ ದಿನ

ಇಡೀ ಆಪರೇಷನ್‌ನ ಫಲ ನಿಂತಿರುವುದು ಈ ದಿನದ ಮೇಲೆ ಎಂದು ನನಗೆ ಆಮೇಲೆ ತಿಳಿಯಿತು. ಕಣ್ಣಿನ ಉದ್ದ ಮತ್ತು ಕರಿಗುಡ್ಡೆಯ ಬಾಗು, ಇವೆರಡರಿಂದ ಲೆನ್ಸಿನ ಪವರ್ ಲೆಕ್ಕ ಹಾಕುತ್ತಾರೆ. ದೊಡ್ಡವರ ಕಣ್ಣು ಸಾಮಾನ್ಯವಾಗಿ 23ರಿಂದ 24 ಮಿಲಿಮೀಟರ್ ಉದ್ದ. ಆ ಅಳತೆ ಒಂದೇ ಮಿಲಿಮೀಟರ್ ತಪ್ಪಿದರೆ ಪವರ್ ಎರಡೂವರೆಯಿಂದ ಮೂರು ಡಯಾಪ್ಟರ್ (ಪವರಿನ ಅಳತೆಯ ಹೆಸರು) ಆಚೀಚೆ ಆಗುತ್ತದೆ. ಎಷ್ಟೇ ದುಬಾರಿ ಲೆನ್ಸ್ ಹಾಕಿಸಿದರೂ ಆಮೇಲೆ ದಪ್ಪ ಕನ್ನಡಕ ತಪ್ಪುವುದಿಲ್ಲ.

ಅಳೆಯುವ ಯಂತ್ರಗಳು ಎರಡು ಬಗೆ. ಎ-ಸ್ಕ್ಯಾನ್ ಎಂಬುದು ಶಬ್ದದ ತರಂಗದಿಂದ ಅಳೆಯುತ್ತದೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಪೆನ್ನಿನಂಥ ಕಡ್ಡಿಯನ್ನು ಗುಡ್ಡೆಗೆ ಮೆಲ್ಲಗೆ ತಾಗಿಸುತ್ತಾರೆ. ಜೋರಾಗಿ ಒತ್ತಿದರೆ ಗುಡ್ಡೆ ತಗ್ಗಿ ಅಳತೆ ಕಡಿಮೆ ಬರುತ್ತದೆ. ಆಪ್ಟಿಕಲ್ ಬಯೋಮೀಟರ್ ಬೆಳಕಿನಿಂದ ಅಳೆಯುತ್ತದೆ, ಕಣ್ಣು ಮುಟ್ಟುವುದಿಲ್ಲ, ಹೆಚ್ಚು ನಿಖರ. ಆದರೆ ಪೊರೆ ತುಂಬ ದಟ್ಟವಾಗಿದ್ದರೆ ಬೆಳಕು ದಾಟುವುದಿಲ್ಲ, ಮತ್ತೆ ಎ-ಸ್ಕ್ಯಾನ್‌ಗೇ ಬರಬೇಕು. ತಡ ಮಾಡಿದವರಿಗೆ ಇದೂ ಒಂದು ದಂಡ. ಒಂದೇ ಕಣ್ಣಿನ ಆಪರೇಷನ್ ಆದರೂ ಎರಡೂ ಕಣ್ಣು ಅಳೆಯುವಂತೆ ಕೇಳಿ. ಎರಡು ಅಳತೆಗಳ ನಡುವೆ ಬಹಳ ಅಂತರ ಬಂದರೆ ಮತ್ತೊಮ್ಮೆ ನೋಡಲು ಕಾರಣ ಸಿಗುತ್ತದೆ.

ಅದೇ ದಿನ ರಕ್ತದೊತ್ತಡ, ಸಕ್ಕರೆ, ಕಣ್ಣಿನ ಒತ್ತಡ, ಹಿಂದಿನ ಪರದೆ ಎಲ್ಲ ನೋಡುತ್ತಾರೆ. ಕಣ್ಣೀರಿನ ನಾಳಕ್ಕೆ ಸಿರಿಂಜಿನಿಂದ ನೀರು ಬಿಟ್ಟು ‘ಗಂಟಲಾಗ ಉಪ್ಪನೀರು ಬಂತೇನಮ್ಮಾ?’ ಎಂದು ಕೇಳುತ್ತಾರೆ. ಬಂದರೆ ದಾರಿ ಖುಲ್ಲಾ ಇದೆ. ಕಟ್ಟಿಕೊಂಡು ಕೀವು ನಿಂತಿದ್ದರೆ ಅದನ್ನು ಮೊದಲು ಸರಿಪಡಿಸಬೇಕು, ಇಲ್ಲವಾದರೆ ಸೋಂಕು ಕಣ್ಣಿನೊಳಕ್ಕೆ ಇಳಿಯುವ ಭಯ. ಮನೆಯಲ್ಲಿ ನುಂಗುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ತೆಳುವಾಗಿಸುವ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗಂಡಸರು ಮೂತ್ರದ ತೊಂದರೆಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಿದ್ದರೆ ನಾಚದೆ ಹೇಳಬೇಕು. ಅದರಿಂದ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗ ಆಪರೇಷನ್ ನಡುವೆ ಜೋತುಬೀಳಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ತಯಾರಾಗಿರುತ್ತಾರೆ.

ಈಗ ಲೆನ್ಸಿನ ಮಾತು

ನಮ್ಮ ಕಡೆಯ ಹಿರಿಯರ ನೆನಪಿನಲ್ಲಿ ಕಣ್ಣಿನ ಆಪರೇಷನ್ ಅಂದರೆ ಡಾ. ಎಂ. ಸಿ. ಮೋದಿಯವರ ಶಿಬಿರ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರು ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಸಾಲು ಸಾಲಾಗಿ ಪೊರೆ ತೆಗೆದವರು. ಆ ಕಾಲದಲ್ಲಿ ಮಸೂರ ತೆಗೆದ ಜಾಗ ಖಾಲಿಯೇ ಉಳಿಯುತ್ತಿತ್ತು. ಅದಕ್ಕೆ ಹತ್ತು ಪವರಿನ ಆಸುಪಾಸಿನ, ಸೋಡಾ ಬಾಟಲಿಯ ತಳದಂಥ ಕನ್ನಡಕ. ನಮ್ಮಜ್ಜ ಅದನ್ನು ಹಾಕಿಕೊಂಡರೆ ಕಣ್ಣು ಎಮ್ಮೆಕಣ್ಣಿನಷ್ಟು ಕಾಣುತ್ತಿದ್ದವು.

ಕಣ್ಣಿನೊಳಗೇ ಲೆನ್ಸ್ ಇಡಬಹುದೆಂದು ಮಾಡಿ ತೋರಿಸಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ, 1949ರ ನವೆಂಬರ್ 29ರಂದು. ಯುದ್ಧವಿಮಾನದ ಕಿಟಕಿ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಪೈಲಟ್‌ಗಳ ಕಣ್ಣಿಗೆ ನೆಟ್ಟರೂ ಕಣ್ಣು ಕೆರಳದೆ ಇದ್ದುದನ್ನು ಅವರು ಗಮನಿಸಿದ್ದರು. ಬಹುಕಾಲ ಅದು ನಮ್ಮಂಥವರಿಗೆ ಎಟುಕದ ಬೆಲೆಯ ವಸ್ತು. ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯ ಬಳಗ 1992ರಲ್ಲಿ ಆರೋಲ್ಯಾಬ್ ಕಟ್ಟಿ, ಇಲ್ಲಿಯೇ ಲೆನ್ಸ್ ತಯಾರಿಸತೊಡಗಿದ ಮೇಲೆ ಬೆಲೆ ಇಳಿಯಿತು. ಹಾಗಾಗಿ ‘ಫಾರಿನ್ ಲೆನ್ಸ್ ಹಾಕಿಸೀವಿ’ ಎಂದು ಜಂಬ ಪಡುವುದರಲ್ಲಿ ನನಗೆ ದೊಡ್ಡ ಅರ್ಥ ಕಾಣುವುದಿಲ್ಲ.

ಬಗೆಗಳು ಹೀಗಿವೆ. ಮಡಚಲಾಗದ ಗಟ್ಟಿ ಲೆನ್ಸಿಗೆ ಆರು ಮಿಲಿಮೀಟರ್ ಆಸುಪಾಸಿನ ಸೀಳು ಬೇಕು. ಮಡಚುವ ಲೆನ್ಸ್ ಮೂರು ಮಿಲಿಮೀಟರಿಗಿಂತ ಕಡಿಮೆ ಸೀಳಿನಲ್ಲಿ ಒಳಗೆ ಹೋಗಿ ತಾನೇ ಬಿಚ್ಚಿಕೊಳ್ಳುತ್ತದೆ. ಗಾಯ ಬೇಗ ಮಾಯುತ್ತದೆ, ಗುಡ್ಡೆಯ ಬಾಗು ಹೆಚ್ಚು ಕೆಡುವುದಿಲ್ಲ. ಮೋನೋಫೋಕಲ್ ಲೆನ್ಸು ಒಂದೇ ದೂರಕ್ಕೆ ಸ್ಪಷ್ಟ. ಸಾಮಾನ್ಯವಾಗಿ ದೂರದ ನೋಟಕ್ಕೆ ಹೊಂದಿಸುತ್ತಾರೆ, ಓದಲು ಕನ್ನಡಕ ಬೇಕಾಗುತ್ತದೆ. ಮಲ್ಟಿಫೋಕಲ್ ದೂರ, ಹತ್ತಿರ ಎರಡನ್ನೂ ಕೊಡುತ್ತದೆ, ಆದರೆ ರಾತ್ರಿ ದೀಪದ ಸುತ್ತ ಬಳೆ ಕಾಣಿಸಬಹುದು. ರಾತ್ರಿ ಲಾರಿ, ಟ್ರ್ಯಾಕ್ಟರ್ ಓಡಿಸುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಕೆಟ್ಟವರು ಇದಕ್ಕೆ ಒಪ್ಪುವ ಮುನ್ನ ಎರಡು ಸಲ ಯೋಚಿಸಬೇಕು. ಕಣ್ಣಿಗೆ ಮೊದಲಿನಿಂದ ಸಿಲಿಂಡರ್ ಪವರ್ ಇದ್ದರೆ, ಅಂದರೆ ಗುಡ್ಡೆಯ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ, ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್.

ಕೌಂಟರಿನಲ್ಲಿ ಪ್ಯಾಕೇಜಿನ ಪಟ್ಟಿ ಮುಂದಿಟ್ಟಾಗ ನಾನು ಮಲ್ಟಿಫೋಕಲ್‌ಗೇ ವಾಲಿದ್ದೆ. ಡಾಕ್ಟರು ಮಾತ್ರ ನನ್ನ ಕಡೆ ನೋಡದೆ ಅವ್ವನನ್ನು ಕೇಳಿದರು:

‘ಯಮ್ಮಾ, ದಿನಾ ಏನ್ ಮಾಡ್ತೀರಿ?’

‘ಕೌದಿ ಹೊಲಿತೀನ್ರಿ ಸರ.’

‘ಎಷ್ಟು ದೂರ ಹಿಡಿತೀರಿ, ತೋರಸ್ರಿ.’

ಅವ್ವ ಸೆರಗನ್ನೇ ಮಡಿಲ ಮೇಲೆ ಹರಡಿ, ಇಲ್ಲದ ಸೂಜಿ ಹಿಡಿದು ತೋರಿಸಿದಳು. ಎರಡು ಗೇಣಿಗೆ ತುಸು ಕಡಿಮೆ, ನಲವತ್ತು ಸೆಂಟಿಮೀಟರ್ ಅನ್ನಿ. ‘ಮೋನೋಫೋಕಲ್ ಹಾಕೋಣು. ಹೊಲಿಯೂವಾಗ ಎರಡೂವರೆ ಪವರಿಂದು ಕನ್ನಡಕ ಹಾಕ್ಕೊಳ್ರಿ, ದಾರ ನೀವ ಪೋಣಿಸ್ತೀರಿ’ ಅಂದರು. ನೋಟ ಹತ್ತಿರಕ್ಕೆ ಹೊಂದಿಸಿ, ದೂರಕ್ಕೆ ಕನ್ನಡಕ ಇಟ್ಟುಕೊಳ್ಳುವ ದಾರಿಯೂ ಇದೆ. ಎಮ್ಮೆ ಕಟ್ಟಲು, ಬಸ್ಸಿನ ಬೋರ್ಡು ನೋಡಲು ಪ್ರತಿಸಲ ಕನ್ನಡಕ ಹುಡುಕಬೇಕಾಗುತ್ತದೆ ಎಂದು ಅವ್ವನೇ ಬೇಡವೆಂದಳು. ಹೀಗೆ ಆ ಕಣ್ಣು ಏನು ಕೆಲಸ ಮಾಡುತ್ತದೆ ಎಂದು ಕೇಳುವ ಡಾಕ್ಟರು ಸಿಕ್ಕರೆ ಬಿಡಬೇಡಿ. ಕೇಳದಿದ್ದರೆ ನೀವೇ ಹೇಳಿ.

ದುಡ್ಡಿನ ಮಾತಿನಲ್ಲಿ ಕೇಳಬೇಕಾದ್ದು: ಅಳತೆ, ಹನಿ, ಮುಂದಿನ ತಪಾಸಣೆಗಳು ಪ್ಯಾಕೇಜಿನಲ್ಲೇ ಇವೆಯೇ? ಬರೆದು ಕೊಡುತ್ತಾರೆಯೇ? ಇಷ್ಟೂ ಬೇಡವೆನ್ನುವವರಿಗೆ ಸರ್ಕಾರಿ ದಾರಿ ಇದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೂ ನಡೆಯುತ್ತಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಹೋಗಿ ಕೇಳಿ.

ಆಪರೇಷನ್ ದಿನ

ತಲೆಸ್ನಾನ ಮಾಡಿಸಿ, ಕಣ್ಣಿಗೆ ಕಾಡಿಗೆ ಇಲ್ಲದಂತೆ ಕರೆದೊಯ್ಯಿರಿ. ಪಾಪೆ ಅಗಲವಾಗಲು ಹನಿಯ ಮೇಲೆ ಹನಿ ಹಾಕುತ್ತಾರೆ, ಆಮೇಲೆ ಕಂದು ಬಣ್ಣದ ಪೊವಿಡೋನ್ ಅಯೋಡಿನ್ ದ್ರಾವಣದಿಂದ ಕಣ್ಣು ತೊಳೆಯುತ್ತಾರೆ. ಸೋಂಕು ತಡೆಯಲು ಅದಕ್ಕಿಂತ ಅಗ್ಗದ, ಗಟ್ಟಿ ಉಪಾಯ ಇನ್ನೊಂದಿಲ್ಲ.

ಊರಲ್ಲಿ ಎಲ್ಲರೂ ‘ಲೇಸರ್ ಆಪ್ರೇಶನ್’ ಅನ್ನುತ್ತಾರಲ್ಲ, ಬಹುಪಾಲು ಸಲ ಅದು ಫೇಕೋ, ಅಂದರೆ ಶಬ್ದದ ತರಂಗದ ಕೆಲಸ. ಸೂಜಿಯಂಥ ಟೊಳ್ಳು ತುದಿ ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸಿ ಪೊರೆಯನ್ನು ಪುಡಿ ಮಾಡುತ್ತದೆ, ಅದೇ ತುದಿ ಹೀರಿಕೊಳ್ಳುತ್ತದೆ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಇದನ್ನು ಬಳಕೆಗೆ ತಂದರು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಾಗ ಹಲ್ಲು ತೊಳೆಯುವ ಯಂತ್ರ ನೋಡಿ ಹೊಳೆದದ್ದಂತೆ. ಮಸೂರದ ತೆಳು ಚೀಲವನ್ನು ಮಾತ್ರ ಉಳಿಸಿಕೊಂಡು ಹೊಸ ಲೆನ್ಸನ್ನು ಅದರೊಳಗೇ ಕೂರಿಸುತ್ತಾರೆ. ಆ ಚೀಲದ ಹಿಂಬದಿ ಮಿಲಿಮೀಟರಿನ ಇನ್ನೂರನೇ ಭಾಗಕ್ಕಿಂತ ತೆಳು. ತೊಂದರೆಯಿಲ್ಲದ ಕಣ್ಣಿಗೆ ಹಿಡಿಯುವುದು ಹದಿನೈದಿಪ್ಪತ್ತು ನಿಮಿಷ.

ಹೊರಡುವ ಮುನ್ನ ಒಂದು ಕಾಗದ ಕೇಳಿ ಪಡೆಯಿರಿ: ಲೆನ್ಸ್ ಕಾರ್ಡ್. ಲೆನ್ಸಿನ ಡಬ್ಬಿಯ ಮೇಲಿನ ಅಂಟುಚೀಟಿಯನ್ನು ಅದಕ್ಕೆ ಹಚ್ಚಿರುತ್ತಾರೆ. ಕಂಪನಿ, ಮಾದರಿ, ಪವರ್, ಸೀರಿಯಲ್ ನಂಬರ್ ಅದರಲ್ಲಿರುತ್ತವೆ. ನಮಗೆ ಕೊಟ್ಟಿರಲಿಲ್ಲ. ಕೇಳಿದರೆ ‘ಫೈಲಿನ್ಯಾಗ ಐತಿ, ನಿಮಗ್ಯಾಕ?’ ಎಂಬ ಉತ್ತರ. ದುಡ್ಡು ಕೊಟ್ಟ ಲೆನ್ಸೇ ಕಣ್ಣಲ್ಲಿದೆಯೇ ಎಂದು ತಿಳಿಯಲು ನಮ್ಮ ಕೈಯಲ್ಲಿ ಬೇರೆ ಪುರಾವೆ ಇರುವುದಿಲ್ಲ, ಎರಡನೇ ಕಣ್ಣಿನ ಲೆಕ್ಕಕ್ಕೂ ಅದು ನೆರವಾಗುತ್ತದೆ. ಬಸ್ಸು ತಪ್ಪಿದರೆ ತಪ್ಪಲಿ ಎಂದು ಅಲ್ಲೇ ಕೂತೆ. ಅರ್ಧ ಗಂಟೆಯಲ್ಲಿ ಕಾರ್ಡ್ ಬಂತು: ಪವರ್ 22.5.

ಹನಿ ಹಾಕುವ ಒಂದೂವರೆ ತಿಂಗಳು

ಪಟ್ಟಿ ಬಿಚ್ಚಿದ ದಿನ ಅವ್ವ ನನ್ನ ಬಿಳಿ ಅಂಗಿ ನೋಡಿ, ‘ಇದಕ್ಕ ಇಷ್ಟ್ಯಾಕ ನೀಲಿ ಹಾಕೀರಿ?’ ಅಂದಳು. ಕಂದುಗಟ್ಟಿದ ಮಸೂರದ ಮೂಲಕ ವರ್ಷಗಟ್ಟಲೆ ನೋಡಿದ ಕಣ್ಣಿಗೆ ಬಿಳಿ ಬಣ್ಣ ನೀಲಿಯಾಗಿ ಕಾಣುವುದು ಸಹಜ. ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ.

ಕೆಲಸ ಶುರುವಾಗುವುದು ಇಲ್ಲಿಂದ. ಸೋಂಕು ತಡೆಯುವ ಹನಿ ಒಂದು, ಬಾವು ಇಳಿಸುವ ಸ್ಟೀರಾಯ್ಡ್ ಹನಿ ಇನ್ನೊಂದು. ಸ್ಟೀರಾಯ್ಡ್ ಹನಿಯನ್ನು ವಾರದಿಂದ ವಾರಕ್ಕೆ ಕಡಿಮೆ ಮಾಡುತ್ತ ಹೋಗುತ್ತಾರೆ. ಚೀಟಿಯಲ್ಲಿ ಇದ್ದಂತೆಯೇ ನಡೆಯಬೇಕು, ‘ಕಣ್ಣು ಚೊಲೋ ಕಾಣತೈತಿ’ ಎಂದು ನಡುವೆ ಬಿಡಬಾರದು. ಅವ್ವನಿಗೆ ಅಕ್ಷರ ಬಾರದು, ಬಾಟಲಿಗಳು ಒಂದೇ ಗಾತ್ರದವು. ಅವಳೇ ಉಪಾಯ ಹುಡುಕಿದಳು. ಕೌದಿಯ ಕೆಂಪು ದಾರವನ್ನು ಸ್ಟೀರಾಯ್ಡ್ ಬಾಟಲಿಯ ಕತ್ತಿಗೆ ಸುತ್ತಿ ಗಂಟು ಹಾಕಿದಳು, ಇನ್ನೊಂದಕ್ಕೆ ಹಸಿರು. ಕತ್ತಲಲ್ಲೂ ಬೆರಳಿಗೆ ಗೊತ್ತಾಗಲೆಂದು ಕೆಂಪಿಗೆ ಎರಡು ಗಂಟು.

ಹಾಕುವ ಕ್ರಮ ಇದು. ಸೋಪಿನಿಂದ ಕೈ ತೊಳೆಯಿರಿ. ಹಾಲಿನಂತೆ ಬೆಳ್ಳಗಿರುವ ಹನಿಯನ್ನು ಚೆನ್ನಾಗಿ ಅಲುಗಾಡಿಸಿ, ಇಲ್ಲದಿದ್ದರೆ ಔಷಧ ತಳದಲ್ಲೇ ಉಳಿಯುತ್ತದೆ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದರೆ ಪುಟ್ಟ ಜೋಳಿಗೆಯಾಗುತ್ತದೆ. ಹನಿ ಬೀಳಬೇಕಾದ್ದು ಅಲ್ಲಿ. ಬಾಟಲಿಯ ತುದಿ ರೆಪ್ಪೆಗಾಗಲಿ ಬೆರಳಿಗಾಗಲಿ ತಾಗಕೂಡದು. ಒಂದೇ ಹನಿ ಸಾಕು. ಎರಡನೆಯದಕ್ಕೆ ಕಣ್ಣಲ್ಲಿ ಜಾಗವಿಲ್ಲ, ಕೆನ್ನೆಗೆ ಇಳಿಯುತ್ತದೆ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ‘ಗಂಟಲ ಕಹಿ ಆಕ್ಕೈತಿ’ ಎಂದು ಅವ್ವ ಗೊಣಗುತ್ತಿದ್ದುದು ನಾವು ಹೀಗೆ ಒತ್ತದೆ ಬಿಟ್ಟಾಗ. ಔಷಧ ಕಣ್ಣೀರಿನ ನಾಳದಿಂದ ಗಂಟಲಿಗೆ ಜಾರುತ್ತಿತ್ತು. ಮೊದಲ ನಾಲ್ಕು ದಿನ ಇನ್ನೊಂದು ತಪ್ಪನ್ನೂ ಮಾಡಿದೆವು: ಎರಡೂ ಹನಿ ಬೆನ್ನುಬೆನ್ನಿಗೆ. ಎರಡನೆಯದು ಮೊದಲನೆಯದನ್ನು ತೊಳೆದು ಹಾಕುತ್ತದೆ. ನಡುವೆ ಐದು ನಿಮಿಷವಾದರೂ ಇರಲಿ.

ಏಪ್ರಿಲ್‌ನಲ್ಲಿ ತಗಡಿನ ಮನೆಯೊಳಗೆ ಬಾಟಲಿಯನ್ನು ಮಾಡದಲ್ಲಿಟ್ಟರೆ ಕಾದು ಹೋಗುತ್ತದೆ. ಫ್ರಿಜ್ ಇಲ್ಲದವರು ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿ, ನೀರಿನ ಹರವಿಯ ಪಕ್ಕದ ತಂಪಿನಲ್ಲಿಡಬಹುದು.

ಕಣ್ಣು ಉಜ್ಜುವುದು, ಒಲೆಯ ಹೊಗೆ, ದನದ ಕೊಟ್ಟಿಗೆ, ಭಾರದ ಕೊಡ ಕೆಲವು ವಾರ ಬೇಡ. ಮಲಗುವಾಗ ಪ್ಲಾಸ್ಟಿಕ್ ಕವಚ, ಹೊರಗೆ ಹೋದರೆ ಕರಿಕನ್ನಡಕ. ತಲೆಗೆ ನೀರು ಯಾವಾಗ ಎಂದು ಡಾಕ್ಟರನ್ನೇ ಕೇಳಿ.

ನೋವು ಹೆಚ್ಚುತ್ತ ಹೋದರೆ, ಕಣ್ಣು ಕೆಂಪೇರಿದರೆ, ಬಂದ ನೋಟ ಮತ್ತೆ ಮಂಜಾದರೆ ಬೆಳಗಾಗಲಿ ಎಂದು ಕಾಯಬೇಡಿ. ಒಳಗೆ ಸೋಂಕು ತಗುಲಿದ್ದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ರಾತ್ರಿಯೇ ಗಾಡಿ ಮಾಡಿಕೊಂಡು ಹೊರಡಿ. ತಿಂಗಳು, ವರ್ಷ ಕಳೆದ ಮೇಲೆ ನಿಧಾನವಾಗಿ ಮಬ್ಬಾದರೆ ಅದು ಬೇರೆ ಸಂಗತಿ. ಲೆನ್ಸಿನ ಹಿಂದಿನ ಚೀಲ ಮಸುಕಾಗಿರಬಹುದು. ಅದಕ್ಕೆ ಯಾಗ್ ಲೇಸರ್, ಕೆಲವೇ ನಿಮಿಷದ ಕೆಲಸ. ನಿಜವಾದ ಲೇಸರ್ ಇಲ್ಲಿ ಬರುತ್ತದೆ.

ಕನ್ನಡಕದ ನಂಬರನ್ನು ಗಾಯ ಮಾಯ್ದ ಮೇಲೆ, ತಿಂಗಳು ಒಂದೂವರೆ ತಿಂಗಳಿಗೆ ತೆಗೆಸಿ. ಉಳಿದ ಹನಿಯನ್ನು ಮನೆಯಲ್ಲಿಟ್ಟುಕೊಳ್ಳಬೇಡಿ. ನಮ್ಮ ಪುಟ್ಟನಿಗೆ ಕಣ್ಣು ಕೆಂಪಾದಾಗ ಅದೇ ಸ್ಟೀರಾಯ್ಡ್ ಹನಿ ಹಾಕಲು ಹೊರಟಿದ್ದರು, ಪುಣ್ಯಕ್ಕೆ ನಾನು ಮನೆಯಲ್ಲಿದ್ದೆ. ಕೆಲವು ಸೋಂಕುಗಳನ್ನು ಅದು ಕೆರಳಿಸುತ್ತದೆ, ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿಸುತ್ತದೆ, ಪೊರೆಯನ್ನೂ ತರುತ್ತದೆ. ಎರಡೂ ಬಾಟಲಿ ಎಸೆಯಲು ಅವ್ವನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಮೂರೂ ಗಂಟು ಬಿಚ್ಚಿ, ದಾರವನ್ನು ಉಂಡಿಗೆ ಸುತ್ತಿಟ್ಟುಕೊಂಡು ಆಮೇಲೆ ಎಸೆದಳು.