ಇಟಲಿಯ ಕೈಕೆಲಸದ ಟೆರಾಕೋಟಾ (ಸುಟ್ಟ ಮಣ್ಣಿನ) ಟೈಲ್: ಮೋಸ ಹೋಗದೆ ಆರಿಸುವುದು ಹೇಗೆ?

ಶೋರೂಮಿನ ದೀಪದ ಕೆಳಗೆ ಒಂದೇ ಒಂದು ಟೈಲ್ ನೋಡಿ, ಬಣ್ಣಕ್ಕೆ ಮರುಳಾಗಿ ಇಡೀ ಮನೆಗೆ ಆರ್ಡರ್ ಕೊಡುವವರೇ ಜಾಸ್ತಿ. ಆಮೇಲೆ ನೆಲದಲ್ಲಿ ಬಿಳಿ ಪುಡಿ ಎದ್ದರೆ ಮೇಸ್ತ್ರಿಗೆ ಬೈಗುಳ. ಕೊಳ್ಳುವಾಗಲೇ ಪರೀಕ್ಷೆ ಮಾಡಬೇಕಿತ್ತು, ಅಲ್ವಾ?

ಮೊದಲು ಯಾವ ಊರಿನ ಮಾಲು ಎಂದು ಕೇಳಿ. ಟಸ್ಕನಿ ಪ್ರಾಂತ್ಯದ ಫ್ಲಾರೆನ್ಸ್ ಪಕ್ಕದ ಇಂಪ್ರುನೇಟಾ ಇದಕ್ಕೆ ಹೆಸರುವಾಸಿ. ಅಲ್ಲಿನ ಗಲೆಸ್ತ್ರೊ ಎಂಬ ಮಣ್ಣಿನ ಟೈಲ್ ಚಳಿಗಾಲದ ಹಿಮವನ್ನೂ ತಡೆಯುತ್ತದೆ. ಹೊರಗಿನ ಅಂಗಳಕ್ಕೆ ಅದೇ ಇರಲಿ. ಮನೆಯೊಳಗಾದರೆ ನನ್ನ ಮತ ಉಂಬ್ರಿಯಾ ಪ್ರಾಂತ್ಯದ ಕಾಸ್ಟೆಲ್ ವಿಸ್ಕಾರ್ಡೊ ಊರಿನ ಮಾಲಿಗೆ. ಹಳದಿ, ಗುಲಾಬಿ ಬೆರೆತ ಅಲ್ಲಿನ ಬಣ್ಣ ಕಣ್ಣಿಗೆ ತಂಪು. ಅಂಗಡಿಯವರು ಬರೀ 'ಟಸ್ಕನ್ ಸ್ಟೈಲ್' ಅಂತ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಅದು ಟೆರಾಕೋಟಾ ಚಿತ್ರ ಅಚ್ಚೊತ್ತಿದ ಪೋರ್ಸೆಲೇನ್ ಕೂಡ ಆಗಿರಬಹುದು.

ಆಮೇಲೆ ಪೆಟ್ಟಿಗೆಯಿಂದ ಹತ್ತು ಹನ್ನೆರಡು ಟೈಲ್ ತೆಗೆಸಿ ನೆಲಕ್ಕೆ ಹರಡಿ. ಕೈಕೆಲಸದಲ್ಲಿ ಹಸಿ ಮಣ್ಣನ್ನು ಮರಳು ಉದುರಿಸಿದ ಮರದ ಅಚ್ಚಿಗೆ ಒತ್ತಿ, ಮೇಲಿನ ಹೆಚ್ಚುವರಿ ಸವರಿ ತೆಗೆಯುತ್ತಾರೆ. ಹಾಗಾಗಿ ಅಂಚು ಸ್ವಲ್ಪ ಸೊಟ್ಟ, ದಪ್ಪದಲ್ಲಿ ಏರುಪೇರು, ಅಲ್ಲಲ್ಲಿ ಮರಳಿನ ಗುರುತು. ಎರಡನ್ನು ಒಂದರ ಮೇಲೊಂದು ಇಟ್ಟರೆ ತುಸು ಅಲುಗಾಡಬೇಕು. ಒಂದೇ ಕಲೆ ಮೂರು ಟೈಲಿನಲ್ಲಿ ಒಂದೇ ಜಾಗದಲ್ಲಿ ಕಂಡರೆ ಅದು ಮುದ್ರಣ. ಹಿಂಬದಿಯಲ್ಲಿ ಉದ್ದಕ್ಕೂ ನೇರ ಗೀರುಗಳಿದ್ದರೆ ಯಂತ್ರದಿಂದ ಹಿಂಡಿ ತೆಗೆದ ಮಾಲು ಎಂದೇ ಅನುಮಾನಿಸಿ. ಅದು ಕೆಟ್ಟದ್ದಲ್ಲ, ಆದರೆ ಕೈಕೆಲಸದ ಬೆಲೆ ಕೊಡಬೇಡಿ.

ಜನ ಎಡವುವುದು ಮುಂದಿನ ಹಂತದಲ್ಲೇ. ಗಡಿಗೆ ಕೊಳ್ಳುವಾಗ ಬಡಿದು ನೋಡುವ ಹಾಗೆ, ಟೈಲನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಗೆಣ್ಣಿನಿಂದ ತಟ್ಟಿ. ಠಣ್ ಎನ್ನಬೇಕು. ದಬ್ ಎಂದರೆ ಬಿರುಕಿದೆ, ಇಲ್ಲವೇ ಸರಿಯಾಗಿ ಬೆಂದಿಲ್ಲ. ಮೇಲೆ ಒಂದು ಹನಿ ನೀರು ಬಿಡಿ. ಬರೀ ಮಣ್ಣಾದರೆ ಹೀರಿ ಕಲೆ ಹರಡುತ್ತದೆ. ಹನಿ ಗುಂಡಗೆ ನಿಂತರೆ ಮೊದಲೇ ಏನೋ ಲೇಪನ ಬಳಿದಿದ್ದಾರೆ. ಏನೆಂದು ಕೇಳಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಮೂರು ಸ್ಯಾಂಪಲ್ ಮನೆಗೆ ತನ್ನಿ. ಒಂದನ್ನು ರಾತ್ರಿಯಿಡೀ ಬಕೆಟ್ ನೀರಲ್ಲಿ ಮುಳುಗಿಸಿ, ಒಣಗಿಸಿ, ಕೆಲವು ದಿನ ಬಿಟ್ಟು ನೋಡಿ. ಮಣ್ಣಿನಲ್ಲಿ ಸುಣ್ಣದ ಹರಳು ಉಳಿದಿದ್ದರೆ ಅದು ನೀರು ಕುಡಿದು ಉಬ್ಬುತ್ತದೆ. ಮೇಲ್ಮೈ ಚಕ್ಕೆ ಎದ್ದು ಸಣ್ಣ ಗುಳಿ ಬೀಳುತ್ತದೆ, ಗುಳಿಯ ನಡುವೆ ಬಿಳಿ ಚುಕ್ಕೆ. ಇನ್ನೊಂದನ್ನು ತಟ್ಟೆಯಲ್ಲಿ ಎರಡು ಬೆರಳು ಡಿಸ್ಟಿಲ್ಡ್ ವಾಟರ್ ಹಾಕಿ ನೆಟ್ಟಗೆ ನಿಲ್ಲಿಸಿ. ಬೋರ್‌ವೆಲ್ ನೀರು ಬೇಡ, ಅದರಲ್ಲೇ ಉಪ್ಪಿರುತ್ತದೆ. ವಾರದಲ್ಲಿ ಮೇಲ್ಭಾಗದಲ್ಲಿ ಬಿಳಿ ಪುಡಿ ದಟ್ಟವಾಗಿ ಕೂತರೆ ಉಪ್ಪು ಟೈಲಿನದ್ದೇ. ಆ ಲಾಟ್ ಬಿಟ್ಟುಬಿಡಿ. ಟೈಲಿನಲ್ಲಿ ಏನೂ ಕಾಣದೆ, ಹಾಕಿದ ಮೇಲೆ ನೆಲದಲ್ಲಿ ಪುಡಿ ಎದ್ದರೆ ಕೆಳಗಿನ ಸಿಮೆಂಟ್ ಕಡೆ ನೋಡಿ.

ಅಳತೆಗಿಂತ ಶೇ 10 ಜಾಸ್ತಿ ತರಿಸಿ. ಜೋಡಿಸುವಾಗ ನಾಲ್ಕೈದು ಪೆಟ್ಟಿಗೆ ಬೆರೆಸಿ ಹಾಕಿಸಿ.

ಟೈಲಿನ ಜತೆ ಹೊಳಪಿನ ವಾರ್ನಿಷ್ ಡಬ್ಬ ಮಾರಲು ಬಂದರೆ ಬೇಡ ಅನ್ನಿ. ಒಳಗಿನ ತೇವಕ್ಕೆ ದಾರಿಯಿಲ್ಲದೆ ಆ ಪದರ ಸುಲಿದು ಏಳುತ್ತದೆ. ಅಗಸೆ ಎಣ್ಣೆ, ಮೇಲೆ ಮೇಣ ಸಾಕು. ಅದೂ ನೆಲ ಪೂರ್ತಿ ಒಣಗಿದ ಮೇಲೆ. ಎಣ್ಣೆ ಕುಡಿದ ಟೈಲಿನ ಬಣ್ಣ ಗಾಢವಾಗುತ್ತದೆ. ಆದ್ದರಿಂದ ಹಣ ಕೊಡುವ ಮುನ್ನ ಉಳಿದ ಒಂದು ಸ್ಯಾಂಪಲ್‌ಗೆ ಎಣ್ಣೆ ಬಳಿದು, ಬಿಸಿಲಲ್ಲಿಟ್ಟು ಬಣ್ಣ ನೋಡಿಕೊಳ್ಳಿ.