ಅಕ್ಕಿ ಬೆಲೆ ಏರಿದಾಗ ಎಷ್ಟು ತರಬೇಕು, ಹೇಗೆ ಇಡಬೇಕು?

ಅಕ್ಕಿಗೆ ಕಿಲೋ ಮೇಲೆ ನಾಲ್ಕೈದು ರೂಪಾಯಿ ಏರಿತು ಎಂದು ಗೊತ್ತಾದರೆ ಸಾಕು, ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಜನ ಗೋಣಿಗಟ್ಟಲೆ ಅಕ್ಕಿಯನ್ನು ಆಟೋಗೆ ಹೇರುತ್ತಾರೆ. ಅದೂ ಎಷ್ಟೋ ಸಲ ಆಟಿ ತಿಂಗಳಲ್ಲಿ, ಓಣಂಗೆ ಮೊದಲು. ಗಾಳಿಯಲ್ಲಿ ತೇವ ಜಾಸ್ತಿ ಇರುವುದೂ ಆಗಲೇ ಅಲ್ವಾ? ಎರಡು ತಿಂಗಳು ಕಳೆಯುವಷ್ಟರಲ್ಲಿ ಆ ಅಕ್ಕಿಗೆ ಹುಳ. ಗೆರಸೆಯಲ್ಲಿ ಕೇರಿ ಕೇರಿ ಸಾಕಾಗಿ ಕೊನೆಗೆ ಕೋಳಿಗೆ ಹಾಕುತ್ತಾರೆ. ಇದನ್ನು ನೋಡಿ ನೋಡಿ ಬೇಸರವಾಗಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಮನೆಯಲ್ಲಿ ದಿನಕ್ಕೆ ಎಷ್ಟು ಅಕ್ಕಿ ಬೇಯುತ್ತದೆ ಎಂದು ಒಂದು ವಾರ ಅಳೆದು ಬರೆದಿಡಿ. ದಿನಕ್ಕೆ 1 ಕಿಲೋ ಎಂದಾದರೆ ಮಳೆಗಾಲದಲ್ಲಿ 45 ಕಿಲೋಗಿಂತ ಹೆಚ್ಚು ತರಬೇಡಿ. ಅಂದರೆ ಒಂದೂವರೆ ತಿಂಗಳಿಗೆ ಆಗುವಷ್ಟು. ರೇಷನ್ ಅಕ್ಕಿ ಸಿಗುತ್ತಿದ್ದರೆ ಅದನ್ನೂ ಇದರಲ್ಲೇ ಕಳೆಯಿರಿ.

ಇನ್ನೊಂದು ಲೆಕ್ಕವೂ ಇದೆ. ಬೆಲೆ 5 ರೂಪಾಯಿ ಏರುತ್ತದೆ ಎಂದು 100 ಕಿಲೋ ತಂದರೆ ಉಳಿಯುವುದು 500 ರೂಪಾಯಿ. ಕಿಲೋಗೆ 45 ರೂಪಾಯಿ ಕೊಟ್ಟ ಆ ಅಕ್ಕಿಯಲ್ಲಿ 12 ಕಿಲೋ ಹಾಳಾದರೆ 540 ರೂಪಾಯಿ ಹೋಯಿತು. ನಾವು ಗೋಣಿ ಹೊತ್ತು ತಂದ ದಿನ ಸಂಜೆ, ಕೂಲಿ ಮುಗಿಸಿ 2 ಕಿಲೋ ಕೊಳ್ಳಲು ಬಂದವರು ಖಾಲಿ ಕೈಯಲ್ಲಿ ಹೋಗುತ್ತಾರೆ. ಇದೂ ಲೆಕ್ಕಕ್ಕೆ ಬರಬೇಕು.

ಸುದ್ದಿ ಕೇಳಿದ ಕೂಡಲೇ ಓಡಬೇಡಿ. ಕೇರಳದಲ್ಲಿ ಬೆಳೆಯುವ ಅಕ್ಕಿ ನಮಗೆ ಸಾಲದು. ಆಂಧ್ರ, ಕರ್ನಾಟಕ, ತಮಿಳುನಾಡಿನಿಂದ ಬರಬೇಕು. ಹಾಗಾಗಿ ಬೆಲೆ ಏರುವುದುಂಟು, ಆದರೆ ಆ ಲಾರಿಗಳು ಬರುತ್ತಲೇ ಇರುತ್ತವೆ. 2023ರ ಜುಲೈ 20ರಂದು ಕೇಂದ್ರ ಸರಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದಲ್ಲಿರುವ ನಮ್ಮವರು ಅಲ್ಲಿನ ಅಂಗಡಿಗಳಿಗೆ ಮುಗಿಬಿದ್ದರು. ನಾವು ಉಣ್ಣುವ ಕುಚ್ಚಲಕ್ಕಿ ಆ ನಿಷೇಧದಲ್ಲಿ ಇರಲೇ ಇಲ್ಲ. ರಫ್ತು ನಿಂತರೆ ಅಕ್ಕಿ ಉಳಿಯುವುದೂ ನಮ್ಮ ದೇಶದಲ್ಲೇ. ಸುದ್ದಿಯನ್ನು ಪೂರ್ತಿ ಓದಿ, ಆಮೇಲೆ ಚೀಲ ಹಿಡಿಯಿರಿ.

ಎಲ್ಲರೂ ಎಡವುವುದು ಇಲ್ಲಿ

ಅಂಗಡಿಯಿಂದ ತಂದ ಗೋಣಿಯನ್ನು ಹಾಗೇ ಮೂಲೆಗೆ ಒರಗಿಸಿ ಇಡುತ್ತಾರೆ. ಇದೇ ದೊಡ್ಡ ತಪ್ಪು. ಕುಟ್ಟೆ ಹುಳ ಅಕ್ಕಿಕಾಳಿನಲ್ಲಿ ತೂತು ಕೊರೆದು ಒಳಗೆ ಮೊಟ್ಟೆ ಇಟ್ಟು ತೂತಿನ ಬಾಯಿ ಮುಚ್ಚಿಬಿಡುತ್ತದೆ. ಮರಿ ಕಾಳಿನ ಒಳಗೇ ತಿಂದು ಬೆಳೆಯುತ್ತದೆ. ನಮ್ಮ ಸೆಕೆಗೆ ಸುಮಾರು ಒಂದು ತಿಂಗಳಲ್ಲಿ ಹೊರಗೆ ಬರುತ್ತದೆ. ಹಾಗಾಗಿ ತರುವಾಗ ಅಕ್ಕಿ ಚೊಕ್ಕವಾಗಿಯೇ ಕಾಣುತ್ತದೆ. ಒಂದು ಹಿಡಿ ಅಕ್ಕಿಯನ್ನು ನೀರಿಗೆ ಹಾಕಿ. ತುಂಬಾ ಕಾಳು ತೇಲಿದರೆ ಒಳಗೆ ಟೊಳ್ಳು ಎಂದರ್ಥ, ಗೋಣಿ ವಾಪಸ್ ಕೊಡಿ. ಗೋಣಿಯ ನಡುವಿಗೆ ಕೈ ಹಾಕಿದಾಗ ಬಿಸಿ ತಾಗಿದರೂ ಬೇಡ.

ಅಕ್ಕಿ ಸರಿಯಿದ್ದರೆ ಅದೇ ದಿನ ಬಿಚ್ಚಿ, ಒಣಗಿದ ಬಟ್ಟೆಯ ಮೇಲೆ ಬೆರಳು ದಪ್ಪಕ್ಕೆ ಹರಡಿ. ಸುಡು ಬಿಸಿಲಿಗೆ ಹಾಕಬೇಡಿ. ಕಾಳು ಬಿರುಕು ಬಿಟ್ಟು ಗಂಜಿ ಅಂಟಂಟಾಗುತ್ತದೆ. ಬಿಸಿಲು ಬಂದ ದಿನ, ಬೆಳಿಗ್ಗೆ ಹತ್ತರಿಂದ ಮೂರರವರೆಗೆ, ಬಿಸಿಗಾಳಿ ಆಡುವ ಜಗಲಿಯ ನೆರಳು ಸಾಕು. ಜಡಿಮಳೆ ದಿನ ಫ್ಯಾನ್ ಹಾಕಿ ಸುಮ್ನೆ ಕಾಯಬೇಡಿ, ಆ ಗಾಳಿಯೇ ತೇವ.

ಒಣಗಿತೇ ಎಂದು ತಿಳಿಯಲು ಉಪ್ಪಿನ ಪರೀಕ್ಷೆ ಮಾಡಿ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಹುರಿದು ಆರಿಸಿ. ಒಣ ಗಾಜಿನ ಬಾಟ್ಲಿಗೆ ಅರ್ಧದಷ್ಟು ಅಕ್ಕಿ, ಎರಡು ಚಮಚ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇಕಡ 15ಕ್ಕಿಂತ ಜಾಸ್ತಿ, ಮತ್ತೆ ಹರಡಬೇಕು. ಅಂಟದಿದ್ದರೆ ತುಂಬಬಹುದು. ಆದರೆ ಅಕ್ಕಿ ಪೂರ್ತಿ ತಣ್ಣಗಾಗಲಿ. ಬೆಚ್ಚಗಿರುವಾಗ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ, ಒಣಗಿಸಿದ್ದೆಲ್ಲ ವ್ಯರ್ಥ.

ತುಂಬುವುದು

ಹಿಂದೆ ನಮ್ಮ ಕಡೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟುತ್ತಿದ್ದರು. ಆ ಮುಡಿ ಅಟ್ಟದಲ್ಲಿ, ಒಲೆಯ ಹೊಗೆ ತಾಗುವಲ್ಲಿ ಇರುತ್ತಿತ್ತು. ಈಗ ಗ್ಯಾಸ್ ಒಲೆ, ಹೊಗೆಯೇ ಇಲ್ಲ. ಬಿಗಿ ಮುಚ್ಚಳದ ಡ್ರಮ್ಮೇ ಗತಿ. ಒಂದು ದೊಡ್ಡದರ ಬದಲು ಎರಡು ಚಿಕ್ಕದು ತನ್ನಿ. ಒಂದನ್ನು ದಿನಾ ತೆರೆಯಿರಿ, ಇನ್ನೊಂದನ್ನು ಮುಟ್ಟಬೇಡಿ. ಬಾಯಿಯವರೆಗೆ ತುಂಬಿ, ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಹುಳಕ್ಕೆ ಕಷ್ಟ. ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಹಳೆ ಅಕ್ಕಿಯ ಮೇಲೆ ಹೊಸದನ್ನು ಯಾವತ್ತೂ ಸುರಿಯಬೇಡಿ.

ಹುಳಕ್ಕೆಂದು ಕೆಲವರು ಗೋದಾಮಿನ ಮಾತ್ರೆಯನ್ನು ಚಿಲ್ಲರೆಯಾಗಿ ತಂದು ಡ್ರಮ್ಮಿಗೆ ಹಾಕುತ್ತಾರೆ. ದಯವಿಟ್ಟು ಬೇಡ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ. ಮನೆಯಲ್ಲಿ ಮಲಗಿದವರ ಜೀವ ತೆಗೆಯುವ ವಿಷ ಅದು. ಬೋರಿಕ್ ಪುಡಿಯೂ ನನ್ನ ಅಡುಗೆಮನೆಗೆ ಬರುವುದಿಲ್ಲ. ಕಹಿಬೇವಿನ ಸೊಪ್ಪು ಹಾಕುವುದಾದರೆ ಗರಿಗರಿ ಒಣಗಿದ್ದು ಮಾತ್ರ, ಹಸಿ ಸೊಪ್ಪಿನಿಂದ ತೇವವೇ ಬರುತ್ತದೆ. ಒಣಮೆಣಸನ್ನೊಂದೇ ನಂಬಿ ಕೂರಬೇಡಿ.

ಉಳಿದದ್ದು ಸುಲಭ. ತೊಗರಿಬೇಳೆಗೆ ಸ್ವಲ್ಪ ಹರಳೆಣ್ಣೆ ಸವರಿ ಇಡಿ. ನೀರುಳ್ಳಿಯನ್ನು ಗಾಳಿಯಾಡುವಲ್ಲಿ ಹರಡಿ, ಬಟಾಟೆಯ ಜೊತೆ ಬೇಡ. ತೆಂಗಿನೆಣ್ಣೆ ಬೆಲೆ 2025ರಲ್ಲಿ ಏರಿದ ಹಾಗೆ ಏರಿದರೂ ವರ್ಷಕ್ಕಾಗುವಷ್ಟು ತರಬೇಡಿ, ಕಮಟು ಹಿಡಿಯುತ್ತದೆ.

ಹದಿನೈದು ದಿನಕ್ಕೊಮ್ಮೆ ದಿನಬಳಕೆಯ ಡ್ರಮ್ಮಿನ ತಳಕ್ಕೆ ಕೈ ಹಾಕಿ ನೋಡಿ. ಒಂದೆರಡು ಹುಳ ಕಂಡರೆ ಅಕ್ಕಿಯನ್ನು ಪುಟ್ಟ ಪುಟ್ಟ ಕಟ್ಟು ಮಾಡಿ ನಾಲ್ಕೈದು ದಿನ ಫ್ರೀಜರಿನಲ್ಲಿಡಿ, ಆಮೇಲೆ ಕೇರಿ ಬೇಗ ಬೇಯಿಸಿ ಮುಗಿಸಿ. ಬೂಷ್ಟು ವಾಸನೆ ಬಂದರೆ ತೊಳೆದು ಉಪಯೋಗಿಸುವ ಮಾತೇ ಬೇಡ. ಕೋಳಿಗೂ ದನಕ್ಕೂ ಹಾಕದೆ ಗುಂಡಿ ತೋಡಿ ಮುಚ್ಚಿ. ಡ್ರಮ್ಮನ್ನು ಸೋಪು ಹಾಕಿ ತೊಳೆದು, ಒಂದು ಪೂರ್ತಿ ದಿನ ಬಿಸಿಲಿಗಿಟ್ಟ ಮೇಲೆಯೇ ಮತ್ತೆ ತುಂಬಿ.