ಹಾಯಿ ಬಿಚ್ಚುವ ಮುನ್ನ ದಡದಲ್ಲೇ ಮುಗಿಸಬೇಕಾದ ಕೆಲಸಗಳು

ಗಂಗೊಳ್ಳಿಯ ಅಳಿವೆಯಿಂದ, ಅಂದರೆ ಹೊಳೆ ಕಡಲು ಸೇರುವಲ್ಲಿಂದ, ಒಂದು ಸಂಜೆ ನನ್ನನ್ನೂ ನನ್ನ ಗೆಳೆಯನನ್ನೂ ಹಗ್ಗ ಕಟ್ಟಿ ಎಳೆದು ತಂದ ನಾಡದೋಣಿಯ ತಾಂಡೇಲರು (ದೋಣಿ ನಡೆಸುವ ಮುಖ್ಯಸ್ಥರು) ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ದಕ್ಕೆಗೆ ಬಂದು ಹಗ್ಗ ಬಿಚ್ಚುವಾಗ ಮಾತ್ರ, "ಇಳಿತದ ಹೊತ್ತಿಗೆ ಹೊರಗೆ ಹೋಗುವುದು ಎಂಥದು ಮಾರಾಯರೆ? ಒಂದು ಮಾತು ಕೇಳಲು ಇಲ್ಲಿ ಯಾರೂ ಇರಲಿಲ್ಲವೇ?" ಎಂದರು. ಕೇಳಬಹುದಾದವರು ಬೇಕಾದಷ್ಟು ಜನ ಇದ್ದರು. ನಾವು ಕೇಳಿರಲಿಲ್ಲ. ಸಂಜೆ ಗಾಳಿ ಬಿದ್ದುಹೋಗುತ್ತದೆ ಎಂಬುದು ಗೊತ್ತಿರಲಿಲ್ಲ, ಇಳಿತದ ವೇಳೆ ನೋಡಿರಲಿಲ್ಲ, ಭಾರವೆಂದು ಹುಟ್ಟುಗಳನ್ನು ದಡದಲ್ಲೇ ಬಿಟ್ಟಿದ್ದೆವು. ಗಾಳಿ ನಿಂತಿತು, ಹೊಳೆಯ ನೀರು ನಮ್ಮನ್ನು ತೆಪ್ಪಗೆ ಕಡಲಿಗೆ ಹೊತ್ತೊಯ್ಯತೊಡಗಿತು. ನಮಗೆ ಆದದ್ದು ಅವಮಾನ ಮಾತ್ರ. ಆ ರಾತ್ರಿಯ ಬಲೆ, ಡೀಸೆಲ್, ಸಂಪಾದನೆ ಕಳೆದುಕೊಂಡದ್ದು ಅವರು.

ಎರಡು ವಿಡಿಯೊ ನೋಡಿ, ಸಣ್ಣದೊಂದು ಹಾಯಿದೋಣಿಯನ್ನು ಕೊಂಡು ಅಥವಾ ಬಾಡಿಗೆಗೆ ಹಿಡಿದು ಕಡಲಿಗಿಳಿಯುವ ಉತ್ಸಾಹ ನಿಮ್ಮಲ್ಲಿದ್ದರೆ ಮುಂದಿನದು ನಿಮಗಾಗಿ.

ಹೊರಡುವ ದಿನಾಂಕ ಮೊದಲೇ ಗೊತ್ತು ಮಾಡಬೇಡಿ

ಹೊಸಬರನ್ನು ಅಪಾಯಕ್ಕೆ ತಳ್ಳುವ ಮೊದಲ ಸಂಗತಿ ಬಿರುಗಾಳಿ ಎಂದು ನನಗೆ ಅನಿಸುವುದಿಲ್ಲ. ಕ್ಯಾಲೆಂಡರು ಎಂದೇ ನನ್ನ ನಂಬಿಕೆ. ನೆಂಟರಿಗೆ ಹೇಳಿಯಾಗಿದೆ, ರಜೆ ಸಿಕ್ಕಿದೆ, ಮುಂಗಡ ಕೊಟ್ಟಾಗಿದೆ. ಇನ್ನು ಹೊರಡದಿದ್ದರೆ ಹೇಗೆ?

ಇದರ ಪರಮಾವಧಿಯನ್ನು 1968ರಲ್ಲಿ ಬ್ರಿಟನ್ ಕಂಡಿತು. ಎಲ್ಲೂ ನಿಲ್ಲದೆ, ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿಬರುವ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಒಂಬತ್ತು ಮಂದಿ ಹೊರಟರು. ಅವರಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ವಾರಾಂತ್ಯದಲ್ಲಿ ದೋಣಿ ಬಿಡುತ್ತಿದ್ದ ಹವ್ಯಾಸಿ, ಎಲೆಕ್ಟ್ರಾನಿಕ್ಸ್ ಉದ್ಯಮಿ. ಸ್ಪರ್ಧೆ ಮುಗಿಸದಿದ್ದರೆ ದೋಣಿಗೆ ಹಣ ಹಾಕಿದವರಿಂದ ಅದನ್ನು ತಾನೇ ಕೊಳ್ಳಬೇಕೆಂಬ ಕರಾರು ಅವನ ಕುತ್ತಿಗೆಗಿತ್ತು. ಹೊರಡಲು ಕೊನೆಯ ದಿನ ಅಕ್ಟೋಬರ್ 31. ಅವನು ಹೊರಟದ್ದೂ ಅಂದೇ, ಅರೆಬರೆ ದೋಣಿಯಲ್ಲಿ. ಕೂಡಿಟ್ಟ ಬಿಡಿಭಾಗಗಳು ದಡದಲ್ಲೇ ಉಳಿದವು. ಒಳಗೆ ನುಗ್ಗಿದ ನೀರನ್ನು ಪಂಪಿನಿಂದ ಹೊರಹಾಕಲು ಬೇಕಾದ ಕೊಳವೆಯೂ ದೋಣಿಯಲ್ಲಿರಲಿಲ್ಲ. ಮಗುಚಿದರೆ ದೋಣಿಯನ್ನು ತಾನಾಗಿ ಎತ್ತಿ ನಿಲ್ಲಿಸುತ್ತದೆಂದು ಅವನು ಹೇಳಿಕೊಂಡಿದ್ದ ವ್ಯವಸ್ಥೆಗೆ ವೈರುಗಳನ್ನು ಎಳೆದಿದ್ದರು, ಆದರೆ ಅವುಗಳ ತುದಿಯಲ್ಲಿ ಯಂತ್ರವೇ ಇರಲಿಲ್ಲ.

ಮುಂದೆ ಹೋದರೆ ಸಾವು, ಹಿಂದೆ ಬಂದರೆ ದಿವಾಳಿ. ಅವನು ಅಟ್ಲಾಂಟಿಕ್‌ನಲ್ಲೇ ಸುಳಿದಾಡುತ್ತ, ಭೂಮಿ ಸುತ್ತುತ್ತಿದ್ದೇನೆಂದು ರೇಡಿಯೊದಲ್ಲಿ ಸುಳ್ಳು ವರದಿ ಕಳುಹಿಸಿದ. 1969ರ ಜುಲೈಯಲ್ಲಿ ಖಾಲಿ ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಈ ಕಥೆ ಹೇಳುವಾಗ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನನ್ನು ಕಾಡುವುದು ನೈಜೆಲ್ ಟೆಟ್ಲಿ ಎಂಬ ಇನ್ನೊಬ್ಬ ಸ್ಪರ್ಧಿ. ಭೂಮಿಯನ್ನು ಹೆಚ್ಚುಕಡಿಮೆ ಸುತ್ತಿ ಮುಗಿಸಿದ್ದ ಅವನು, ಕ್ರೋಹರ್ಸ್ಟ್ ಬೆನ್ನಟ್ಟಿ ಬರುತ್ತಿದ್ದಾನೆಂಬ ಸುಳ್ಳನ್ನು ನಂಬಿ, ಮೊದಲೇ ಜರ್ಜರಿತವಾಗಿದ್ದ ತನ್ನ ದೋಣಿಯನ್ನು ಮಿತಿಮೀರಿ ಓಡಿಸಿದ. ಮೇ ತಿಂಗಳಲ್ಲಿ, ಗುರಿ ಹತ್ತಿರವಾಗುತ್ತಿರುವಾಗ, ಅದು ಮುಳುಗಿತು. ಅವನು ಜೀವರಕ್ಷಕ ತೆಪ್ಪದಲ್ಲಿ ಉಳಿದುಕೊಂಡ. ಒಬ್ಬನ ಅರೆಬರೆ ಸಿದ್ಧತೆಗೆ ಇನ್ನೊಬ್ಬನ ದೋಣಿ ಬಲಿಯಾಯಿತು.

ಹಾಗಾಗಿ ನಿಮ್ಮ ಮೊದಲ ಕೆಲಸ: ಯಾರಿಗೂ ದಿನಾಂಕ ಹೇಳಬೇಡಿ. "ಸಿದ್ಧವಾದಾಗ, ಗಾಳಿ ಒಪ್ಪಿದಾಗ" ಎನ್ನಿ.

ಬೇಕೆಂದೇ ಮಗುಚಿ ನೋಡಿ

ಈಜು ಬರಬೇಕು, ಅದು ಮಾತಾಡುವ ವಿಷಯವೇ ಅಲ್ಲ. ಬಟ್ಟೆ ತೊಟ್ಟು, ಲೈಫ್ ಜಾಕೆಟ್ ಕಟ್ಟಿಕೊಂಡು ಈಜುವುದು ಬೇರೆಯದೇ ವಿದ್ಯೆ. ಅದನ್ನೂ ಒಮ್ಮೆ ಮಾಡಿ ನೋಡಿ.

ಕಲಿಕೆ ಕಡಲಿನಲ್ಲಿ ಬೇಡ. ಕೆರೆ, ಹಿನ್ನೀರು ಸಾಕು. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರು ಹಾಯಿದೋಣಿಯ ತಾಲೀಮು ನಡೆಸುವುದನ್ನು ರಸ್ತೆಯಿಂದಲೇ ನೋಡಿದವರಿದ್ದೀರಿ. ತರಬೇತುದಾರರ ಕೈಕೆಳಗೆ ಸಣ್ಣ ದೋಣಿಯನ್ನು ಬೇಕೆಂದೇ ಮಗುಚಿ, ತಳದಿಂದ ಹೊರಬಂದಿರುವ ಹಲಗೆಯ ಮೇಲೆ ಭಾರ ಹಾಕಿ ಎತ್ತಿ, ಒಳಗೆ ಹತ್ತಿ, ನೀರು ತೋಡಿ ಮತ್ತೆ ಹೊರಡುವುದನ್ನು ಹತ್ತಾರು ಸಲ ಅಭ್ಯಾಸ ಮಾಡಿ. ಕಡಲಿನಲ್ಲಿ ಮೊದಲ ಬಾರಿ ಮಗುಚಿದಾಗ ಕೈಕಾಲು ತಾನಾಗಿ ಕೆಲಸ ಮಾಡಬೇಕು, ಏಕೆಂದರೆ ಆಗ ತಲೆ ಮಾಡುವುದಿಲ್ಲ.

ಇದರ ಜೊತೆಗೆ ಕಲಿಯಬೇಕಾದದ್ದು ಮೂರು: ಗಾಳಿಗೆ ಎದುರಾಗಿ ಓರೆಕೋರೆಯಾಗಿ ಸಾಗುವುದು, ಹಾಯಿಯನ್ನು ಮಡಿಚಿ ಕಿರಿದು ಮಾಡುವುದು, ದೋಣಿಯನ್ನು ಬೇಕೆಂದಲ್ಲಿ ನಿಲ್ಲಿಸುವುದು. ಹೊಸಬರು ಮೂರನೆಯದನ್ನು ಕಲಿಯುವುದೇ ಇಲ್ಲ. ಓಡಿಸಲು ಬಂದರೆ ಸಾಕು ಎಂದುಕೊಳ್ಳುತ್ತಾರೆ. ಸೈಕಲ್ ಕಲಿತು ಬ್ರೇಕ್ ಮರೆತ ಹಾಗೆ.

ದೋಣಿಯ ಹೊಟ್ಟೆ ನೋಡಿ

ಆ ಒಂಬತ್ತು ಜನರಲ್ಲಿ ಸ್ಪರ್ಧೆ ಮುಗಿಸಿದ್ದು ಒಬ್ಬರೇ, ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ 'ಸುಹೈಲಿ' ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ದೋಣಿ. ಚೆಂದದ್ದೂ ಅಲ್ಲ, ವೇಗದ್ದೂ ಅಲ್ಲ. ಆದರೆ ಮುಂಬಯಿಯಿಂದ ಇಂಗ್ಲೆಂಡಿಗೆ ಅದರಲ್ಲೇ ಹೋಗಿದ್ದ ಅವರಿಗೆ ಅದರ ಒಂದೊಂದು ಹಲಗೆಯೂ ಪರಿಚಿತ. ಅಟ್ಲಾಂಟಿಕ್ ನಡುವೆ ಸಂದು ಬಿಟ್ಟು ನೀರು ಒಸರತೊಡಗಿದಾಗ ಕಡಲಿಗೆ ಧುಮುಕಿ, ನೀರಿನಡಿಯಲ್ಲೇ ಸಂದಿಗೆ ಹತ್ತಿ ತುರುಕಿದರು. ನಡುವೆ ಸುತ್ತುತ್ತಿದ್ದ ಶಾರ್ಕ್ ಒಂದಕ್ಕೆ ಗುಂಡಿಕ್ಕಬೇಕಾಯಿತು. 1969ರ ಏಪ್ರಿಲ್ 22ರಂದು ಮರಳಿದ ಅವರು ತಮಗೆ ಬಂದ 5000 ಪೌಂಡ್ ಬಹುಮಾನವನ್ನು ಕ್ರೋಹರ್ಸ್ಟ್‌ನ ಕುಟುಂಬಕ್ಕೆ ಕೊಟ್ಟರು.

ನೀವು ಶಾರ್ಕ್ ಹೊಡೆಯಬೇಕಿಲ್ಲ. ಆದರೆ ದೋಣಿಯ ಒಡಲಿನಲ್ಲಿ ಎಲ್ಲೆಲ್ಲಿ ತೂತುಗಳಿವೆ, ಯಾವುದು ಯಾವ ಕೊಳವೆಯದು ಎಂಬುದನ್ನು ಕಣ್ಣು ಮುಚ್ಚಿ ಮುಟ್ಟಿ ತೋರಿಸುವಂತಿರಬೇಕು. ಪ್ರತಿ ತೂತಿನ ಪಕ್ಕ ಅದರ ಅಳತೆಯ ಮರದ ಬೆಣೆಯೊಂದನ್ನು ದಾರದಲ್ಲಿ ಕಟ್ಟಿಡಿ. ಪಂಪನ್ನು ದಡದಲ್ಲೇ ಓಡಿಸಿ ನೋಡಿ. ಅದು ಕೆಟ್ಟರೆ ಬಕೆಟ್ಟು. ಹೆದರಿದ ಮನುಷ್ಯನ ಕೈಯ ಬಕೆಟ್ಟಿನಷ್ಟು ವೇಗದ ಪಂಪು ಇಲ್ಲ ಎಂದು ನಾವಿಕರು ಸುಮ್ಮನೆ ಹೇಳುವುದಿಲ್ಲ. ಹಾಯಿಕಂಬವನ್ನು ಹಿಡಿದಿರುವ ತಂತಿಗಳ ಒಂದು ಎಳೆ ಬಿಚ್ಚಿಕೊಂಡಿದ್ದರೂ ಹೊರಡಬೇಡಿ. ಚುಕ್ಕಾಣಿಯ ತಿರುಪು ಬಿಗಿಯಾಗಿದೆಯೇ, ಲಂಗರಿನ ಹಗ್ಗದ ಒಳತುದಿ ದೋಣಿಗೆ ಕಟ್ಟಿದೆಯೇ ಎಂದೂ ನೋಡಿ. ನಗಬೇಡಿ, ಕಟ್ಟದ ಲಂಗರನ್ನು ನೀರಿಗೆಸೆದವರನ್ನು ನಾನು ಬಲ್ಲೆ.

ಗಾಳಿ, ಉಬ್ಬರ, ಅಳಿವೆ

ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬೆಳಿಗ್ಗೆ ಮುದ್ದಾಗಿದ್ದ ದೋಣಿ ಮಧ್ಯಾಹ್ನ ಮಾತು ಕೇಳದಿರುವುದಕ್ಕೆ ಕಾರಣ ಇದೇ. ಹಾಯಿ ಕಿರಿದು ಮಾಡಬೇಕೇ ಎಂಬ ಯೋಚನೆ ಬಂದ ಕ್ಷಣವೇ ಮಾಡಿ. ಎರಡನೆಯ ಸಲ ಯೋಚಿಸುವಷ್ಟರಲ್ಲಿ ಕೆಲಸ ಕಷ್ಟವಾಗಿರುತ್ತದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಒಂದು ಲಯವಿದೆ. ನಸುಕಿನಲ್ಲಿ ನೆಲದಿಂದ ಕಡಲಿಗೆ ಗಾಳಿ, ಮಧ್ಯಾಹ್ನದಿಂದ ಕಡಲಿನಿಂದ ನೆಲಕ್ಕೆ, ಸಂಜೆ ಎರಡರ ನಡುವೆ ಸ್ತಬ್ಧ. ಆ ಸ್ತಬ್ಧದಲ್ಲೇ ನಾವು ಸಿಕ್ಕಿಬಿದ್ದದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೇ ಮೀನುಗಾರಿಕೆ ನಿಷೇಧವಿರುವಾಗ, ಆ ಕಾಲದಲ್ಲಿ ಹಾಯಿ ಬಿಚ್ಚುವ ಮಾತೇ ಬೇಡ.

ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯನ್ನೂ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆಗಳ ಮುನ್ಸೂಚನೆಯನ್ನೂ ಹಿಂದಿನ ಸಂಜೆ ಒಮ್ಮೆ, ಹೊರಡುವ ಮುನ್ನ ಒಮ್ಮೆ ಓದಿ. ಆಕಾಶ ನೋಡಿ ನಿರ್ಧರಿಸಿದರೆ ಸಾಲದು. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆಗಳು ದಿನಗಟ್ಟಲೆ ಪಯಣಿಸಿ, ಇಲ್ಲಿ ಎಲೆ ಅಲುಗಾಡದ ದಿನವೂ ದಡಕ್ಕೆ ಅಪ್ಪಳಿಸುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್, ಅಂದರೆ ಕಳ್ಳಕಡಲು, ಎನ್ನುತ್ತಾರೆ.

ಕಡಲಿಗಿಂತ ಕಡಲಿನ ಬಾಗಿಲು ಕೆಟ್ಟದ್ದು. ಅಳಿವೆಯಲ್ಲಿ ಹೊಳೆ ತಂದು ಸುರಿದ ಮರಳ ದಿಬ್ಬಗಳಿರುತ್ತವೆ, ಮಳೆಗಾಲ ಕಳೆದಂತೆ ಅವು ಜಾಗ ಬದಲಿಸುತ್ತವೆ. ಇಳಿತದ ನೀರು ರಭಸದಿಂದ ಹೊರಗೆ ಹರಿಯುವಾಗ ಎದುರಿನಿಂದ ಬರುವ ಅಲೆ ಅದಕ್ಕೆ ತಾಗಿ ಗೋಡೆಯಂತೆ ನಿಂತು ಒಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹರಿವು ಇನ್ನೂ ಜೋರು. ದಾಟುವುದಿದ್ದರೆ ಉಬ್ಬರದ ಕೊನೆಯಲ್ಲಿ, ನೀರು ನಿಂತಂತಿರುವ ಹೊತ್ತಿನಲ್ಲಿ ದಾಟಿ. ಅದಕ್ಕೂ ಮುನ್ನ ದಕ್ಕೆಯಲ್ಲಿ ಬಲೆ ಹೆಣೆಯುತ್ತ ಕುಳಿತವರನ್ನು ಕೇಳಿ. ನಕಾಶೆಗೆ ಗೊತ್ತಿಲ್ಲದ ದಿಬ್ಬ ಅವರಿಗೆ ಗೊತ್ತಿರುತ್ತದೆ.

ಜೊತೆಗೆ ಒಯ್ಯಬೇಕಾದದ್ದು

ಲೈಫ್ ಜಾಕೆಟ್, ತಲೆಗೊಂದರಂತೆ, ಮೈಮೇಲೆ. ಸೀಟಿನಡಿ ಇಟ್ಟದ್ದು ಲೆಕ್ಕಕ್ಕಿಲ್ಲ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ದಡ ಕಣ್ಣಿಗೆ ಕಾಣುತ್ತಿತ್ತು.

ಕುಡಿಯುವ ನೀರು ಬೇಕೆನಿಸಿದ್ದಕ್ಕಿಂತ ಎರಡರಷ್ಟು, ಟೋಪಿ, ಟಾರ್ಚು, ಸೀಟಿ, ಚಾಕು, ಹುಟ್ಟು, ದಿಕ್ಸೂಚಿ. ನೀರು ನುಗ್ಗದ ಚೀಲದಲ್ಲಿ ಮೊಬೈಲ್. ದಡ ದೂರವಾದಂತೆ ಅದು ಬರೀ ಕ್ಯಾಮೆರಾ ಆಗುತ್ತದೆ ಎಂಬುದು ನೆನಪಿರಲಿ. ಮುಖ್ಯವಾದದ್ದು ವಿಎಚ್‌ಎಫ್ ರೇಡಿಯೊ, ಅಂದರೆ ದೋಣಿಗಳು ಪರಸ್ಪರ ಮತ್ತು ದಡದೊಡನೆ ಮಾತಾಡುವ ಸಾಧನ. ಅದಕ್ಕೆ ಪರವಾನಗಿ ಬೇಕು, ದೋಣಿಗೆ ನೋಂದಣಿ ಬೇಕು. ಎರಡನ್ನೂ ಬಂದರು ಕಚೇರಿಯಲ್ಲಿ ವಿಚಾರಿಸಿ. 16ನೇ ಚಾನೆಲ್ ಕರೆಗೆ ಮತ್ತು ಆಪತ್ತಿಗೆ ಮೀಸಲು. ಜೀವಕ್ಕೆ ಅಪಾಯವಿದ್ದರೆ 'ಮೇ ಡೇ' ಎಂದು ಮೂರು ಸಲ, ನೆರವು ಬೇಕು ಆದರೆ ಜೀವಾಪಾಯವಿಲ್ಲ ಎಂದಾದರೆ 'ಪ್ಯಾನ್ ಪ್ಯಾನ್' ಎಂದು ಮೂರು ಸಲ ಹೇಳಿ, ದೋಣಿಯ ಹೆಸರು, ಇರುವ ಸ್ಥಳ, ಆದದ್ದೇನು, ಎಷ್ಟು ಜನ ಎಂಬುದನ್ನು ತಿಳಿಸಬೇಕು.

ದೂರ ಹೋಗುವವರಿಗೆ 406 ಮೆಗಾಹರ್ಟ್ಸ್‌ನ ಆಪತ್ಸೂಚಕ ಬೀಕನ್ ಇದೆ. ಅದರ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರಕ್ಕೆ ಬಂದು ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಹೋಗುತ್ತದೆ. ಬೀಕನ್ನನ್ನು ನಿಮ್ಮ ಹೆಸರು, ಮನೆಯವರ ದೂರವಾಣಿ ಸಂಖ್ಯೆಯೊಡನೆ ನೋಂದಾಯಿಸದಿದ್ದರೆ ಸಂಕೇತ ಕಂಡವರಿಗೆ ಯಾರನ್ನು ಕೇಳಬೇಕೆಂಬುದೇ ತಿಳಿಯುವುದಿಲ್ಲ.

ಅದರ ಬೆಲೆ ಅಭಿಲಾಷ್ ಟೋಮಿ ಅವರಿಗೆ ಗೊತ್ತು. 2018ರಲ್ಲಿ ಅದೇ ಗೋಲ್ಡನ್ ಗ್ಲೋಬ್ ಮತ್ತೆ ನಡೆದಾಗ, 'ಸುಹೈಲಿ'ಯ ಮಾದರಿಯಲ್ಲೇ ಗೋವಾದಲ್ಲಿ ಕಟ್ಟಿದ 'ತುರೀಯ'ದಲ್ಲಿ ಅವರು ಹೊರಟಿದ್ದರು. ಒಂಟಿಯಾಗಿ, ನಿಲ್ಲದೆ ಭೂಮಿ ಸುತ್ತಿದ ಮೊದಲ ಭಾರತೀಯ, ಅನನುಭವಿಯಲ್ಲ. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಹಾಯಿಕಂಬ ಮುರಿಯಿತು, ಬೆನ್ನು ಮುರಿದು ಮಲಗಿದಲ್ಲೇ ಉಳಿದರು. ತನ್ನ ಹಾಯಿಕಂಬವನ್ನೂ ಕಳೆದುಕೊಂಡಿದ್ದ ಐರ್ಲೆಂಡಿನ ಸ್ಪರ್ಧಿ ಗ್ರೆಗರ್ ಮೆಕ್‌ಗಕಿನ್ ಅವರತ್ತ ಹೊರಟರು. ಭಾರತೀಯ ನೌಕಾಪಡೆಯ ವಿಮಾನ ಮಾರಿಷಸ್‌ನಿಂದ ಹಾರಿ ಹುಡುಕಿತು. ಮೂರು ದಿನಗಳ ಬಳಿಕ ಫ್ರಾನ್ಸಿನ 'ಒಸಿರಿಸ್' ಹಡಗು ಎತ್ತಿಕೊಂಡಿತು. ಒಬ್ಬರಿಗಾಗಿ ಎಷ್ಟು ಜನ ಕಡಲಿಗಿಳಿದರು, ಲೆಕ್ಕ ಹಾಕಿ.

ನೀರಿನ ಮೇಲಿನ ನಡತೆ

ಎಂಜಿನ್ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು ಎಂದಷ್ಟೇ ಓದಿಕೊಂಡು ಬರುವವರಿದ್ದಾರೆ. ಬಲೆ ಬಿಟ್ಟು ಮೀನು ಹಿಡಿಯುತ್ತಿರುವ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕು ಎಂಬುದು ಅದೇ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿದೆ. ನಮ್ಮ ಕರಾವಳಿಯಲ್ಲಿ ನಿಮಗೆ ಎದುರಾಗುವುದು ಹೆಚ್ಚಾಗಿ ಅವರೇ. ಬಲೆ ಬೋಟಿನ ಹಿಂದೆ ಬಹುದೂರ ಚಾಚಿರುತ್ತದೆ, ಅಡ್ಡ ಹಾಯಬೇಡಿ.

ಜೊತೆಗಾರ ನೀರಿಗೆ ಬಿದ್ದರೆ: ಕೂಗಿ, ತೇಲುವುದೇನಾದರೂ ಎಸೆಯಿರಿ, ಒಬ್ಬರು ಬಿದ್ದವರತ್ತ ಬೆರಳು ತೋರಿಸುತ್ತ ಕಣ್ಣು ಕೀಳದೆ ನಿಲ್ಲಲಿ. ಅಲೆಗಳ ನಡುವೆ ಮನುಷ್ಯನ ತಲೆ ತೆಂಗಿನಕಾಯಿಯಷ್ಟೇ ಕಾಣುತ್ತದೆ. ನಂಬಿಕೆ ಬರದಿದ್ದರೆ ಒಂದು ಕಾಯಿಯನ್ನೇ ಎಸೆದು ಹಿಂತಿರುಗಿ ಹುಡುಕಿ ತರುವ ಅಭ್ಯಾಸ ಮಾಡಿ. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಬೇಡಿ. ಹುಡುಕುವವರಿಗೆ ಕಾಣುವುದು ದೋಣಿ.

ತಿರುಗಿ ಬರುವುದು

1968ರ ಆ ಸ್ಪರ್ಧೆಯಲ್ಲಿ ಹಾಯಿಯ ಗಂಧವೇ ಇಲ್ಲದವನೊಬ್ಬನಿದ್ದ, ಚೇ ಬ್ಲೈತ್. ಹುಟ್ಟು ಹಾಕಿ ಅಟ್ಲಾಂಟಿಕ್ ದಾಟಿದ್ದ, ಅಷ್ಟೆ. ಹೊರಡುವ ದಿನ ಗೆಳೆಯರು ಇನ್ನೊಂದು ದೋಣಿಯಲ್ಲಿ ಮುಂದೆ ಸಾಗಿ ಹೇಗೆಂದು ತೋರಿಸಬೇಕಾಯಿತು. ಇದಕ್ಕಿಂತ ಸಿದ್ಧತೆಯಿಲ್ಲದ ಹೊರಡಿಕೆ ಇಲ್ಲ. ಆದರೂ ದೋಣಿ ತಡೆಯುವುದಿಲ್ಲ ಎಂದು ಖಚಿತವಾದಾಗ ದಕ್ಷಿಣ ಆಫ್ರಿಕಾದಲ್ಲಿ ನಿಲ್ಲಿಸಿದ. ತಕ್ಕ ದೋಣಿ, ತಕ್ಕ ತಯಾರಿಯೊಡನೆ 1970ರಲ್ಲಿ ಮತ್ತೆ ಹೊರಟು, ಗಾಳಿಗೆದುರಾಗಿ ಪಶ್ಚಿಮಾಭಿಮುಖವಾಗಿ 292 ದಿನಗಳಲ್ಲಿ ಒಬ್ಬನೇ ಭೂಮಿ ಸುತ್ತಿದ.

ತಿರುಗುವ ಷರತ್ತುಗಳನ್ನು ದಡದಲ್ಲೇ ಬರೆದಿಡಿ: ಇಷ್ಟು ಗಂಟೆಗೆ ಇಲ್ಲಿ ಮುಟ್ಟದಿದ್ದರೆ, ಗಾಳಿ ಇಷ್ಟಾದರೆ, ಒಬ್ಬರು ವಾಂತಿ ಮಾಡಿ ಮಲಗಿದರೆ. ಕಡಲಿನ ನಡುವೆ ಚರ್ಚೆ ಬೇಡ.

ಆ ಚೀಟಿಯ ಪ್ರತಿಯನ್ನು ದಡದಲ್ಲಿರುವ ಒಬ್ಬರಿಗೆ ಕೊಡಿ. ದೋಣಿಯ ಬಣ್ಣ, ಜನರ ಸಂಖ್ಯೆ, ಹೋಗುವ ದಿಕ್ಕು, ಮರಳುವ ಗಂಟೆ ಅದರಲ್ಲಿರಲಿ. ಆ ಗಂಟೆ ದಾಟಿದರೆ ಕೋಸ್ಟ್ ಗಾರ್ಡ್‌ನ 1554 ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಬೇಕೆಂದು ಹೇಳಿ. ಮರಳಿ ಬಂದವರು ದೋಣಿ ಕಟ್ಟಿ, ಹಾಯಿ ಮಡಿಚಿ, ಚಹಾ ಕುಡಿಯುವ ಮೊದಲು ಚೀಟಿ ಪಡೆದವರಿಗೆ ಫೋನ್ ಮಾಡಿ. ಮರೆತರೆ, ನೀವು ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿರುವಾಗ ಕತ್ತಲಲ್ಲಿ ಯಾರೋ ನಿಮ್ಮನ್ನು ಹುಡುಕುತ್ತಿರುತ್ತಾರೆ.